ಹೊಸ ಲ್ಯಾಪ್‌ಟಾಪ್‌ಗೆ ವಿಂಡೋಸ್ 7 ಹಾಕಿಸಲು ಹೊರಟವರು ಇದನ್ನೊಮ್ಮೆ ಓದಿ

ಉಡುಪಿ, ಮಂಗಳೂರು ಕಡೆ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಕಟ್ಟುವುದು) ಮತ್ತು ಮುದ್ರಣದ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಹಲವರ ಅಂಗಡಿಯ ಮೂಲೆಯಲ್ಲಿ ಈಗಲೂ ಒಂದು ಮುದಿ ಕಂಪ್ಯೂಟರ್ ಇದೆ. ಅದರಲ್ಲಿ ವಿಂಡೋಸ್ 7, ಇಲ್ಲವೇ ಎಕ್ಸ್‌ಪಿ. ಅದರ ಮೇಲೆ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್. ಅದರ ಹೊಟ್ಟೆಯೊಳಗೆ ಹದಿನೈದು ಇಪ್ಪತ್ತು ವರ್ಷಗಳ ಮದುವೆ ಕಾಗದ, ನೇಮದ (ದೈವಾರಾಧನೆಯ) ಕಾಗದ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘದ ವರದಿ. ಆ ಯಂತ್ರ ಕಣ್ಣು ಮುಚ್ಚುವ ಮೊದಲು ಹೊಸ ಲ್ಯಾಪ್‌ಟಾಪ್ ಕೊಂಡು ಅದಕ್ಕೆ ಹಳೆಯ ವಿಂಡೋಸ್ ಹಾಕಿಸಿಬಿಡೋಣ ಎಂದು ಹೊರಟಿದ್ದರೆ ದಯವಿಟ್ಟು ಸ್ವಲ್ಪ ತಾಳಿ. ನಾನು ಹಾಗೆ ಹೊರಟು, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಅಚ್ಚಿಗೆ ಹೋಗಲು ಹನ್ನೊಂದು ದಿನ ಇರುವಾಗ ಆರುನೂರು ದಾನಿಗಳ ಪಟ್ಟಿಯನ್ನು ಕಳೆದುಕೊಂಡೆ.

ಆಮಂತ್ರಣದಲ್ಲಿ ಹೆಸರುಗಳ ಕ್ರಮ ಎಂದರೆ ಏನೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಯಾರ ಹೆಸರು ಯಾರ ಕೆಳಗೆ ಬರಬೇಕು, ಯಾವ ಮನೆತನಕ್ಕೆ ಮೊದಲ ಸಾಲು, ಮುಂಬಯಿಯಲ್ಲಿರುವ ತಮ್ಮನ ಹೆಸರು ಊರಲ್ಲಿರುವ ಅಣ್ಣನ ಪಕ್ಕದಲ್ಲೋ ಕೆಳಗೋ ಎಂದು ಸಮಿತಿಯವರು ಎರಡು ವಾರ ಕುಳಿತು ತೀರ್ಮಾನಿಸಿದ ಪಟ್ಟಿ ಅದು.

ನನ್ನ ಹಳೆಯ ಯಂತ್ರ 2010ರಲ್ಲಿ ಕೊಂಡದ್ದು. ಕಳೆದ ಮಳೆಗಾಲದಲ್ಲಿ ಅದು ಒಂದು ದಿನ ಶುರುವಾದರೆ ಎರಡು ದಿನ ಇಲ್ಲ. ಬಿಚ್ಚಿ ನೋಡಿದರೆ ಮದರ್‌ಬೋರ್ಡ್‌ನ ಮೇಲಿನ ಕೆಪಾಸಿಟರ್‌ಗಳು ಉಬ್ಬಿದ್ದವು. ನಮ್ಮ ಉಪ್ಪುಗಾಳಿಯಲ್ಲಿ ಅಷ್ಟು ವರ್ಷ ಬಾಳಿದ್ದೇ ಹೆಚ್ಚು. ಹಾರ್ಡ್‌ಡಿಸ್ಕ್ ಚೆನ್ನಾಗಿತ್ತು. ಹಾಗಾಗಿ ದೀಪಾವಳಿಗೆ ಐವತ್ತೆರಡು ಸಾವಿರ ಕೊಟ್ಟು ವಿಂಡೋಸ್ 11 ಇದ್ದ ಲ್ಯಾಪ್‌ಟಾಪ್ ತಂದೆ.

ಅದರಲ್ಲೇ ಪೇಜ್‌ಮೇಕರ್ ಓಡಿಸಬಾರದಿತ್ತೇ ಎಂದು ಕೇಳಬಹುದು. ಪೇಜ್‌ಮೇಕರ್‌ನದು ನನಗೆ ಅಷ್ಟು ದೊಡ್ಡ ತಕರಾರಾಗಿರಲಿಲ್ಲ. ತಕರಾರು ತೆಗೆದದ್ದು ಲಾಕ್. ನಾನು ಬಳಸುವ ಹಳೆಯ ಕನ್ನಡ ಲಿಪಿ ತಂತ್ರಾಂಶಕ್ಕೆ ಹೆಬ್ಬೆರಳಿನಷ್ಟು ದಪ್ಪದ ಒಂದು ಯುಎಸ್‌ಬಿ ಲಾಕ್ ಇದೆ. ಅದನ್ನು ಚುಚ್ಚದಿದ್ದರೆ ಕೀಲಿಮಣೆ ಕನ್ನಡ ಮೂಡಿಸುವುದಿಲ್ಲ. ಆ ಲಾಕನ್ನು ವಿಂಡೋಸ್‌ಗೆ ಪರಿಚಯಿಸುವ ಡ್ರೈವರ್ ತಂತ್ರಾಂಶ ಹಳೆಯ 32 ಬಿಟ್ ಮಾದರಿಯದು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದು 32 ಬಿಟ್ ಡ್ರೈವರನ್ನು ಹತ್ತಿರವೂ ಸೇರಿಸುವುದಿಲ್ಲ. ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬಹುದಲ್ಲ ಎಂದರೆ, ಹೊಸ ಕೆಲಸಕ್ಕೆ ಸರಿ. ಹಳೆಯ ಕಡತಗಳಲ್ಲಿ ಇರುವುದು ಆಸ್ಕಿ ಅಕ್ಷರ, ಆಯಾ ಫಾಂಟ್ ಇದ್ದರೆ ಮಾತ್ರ ಓದಲು ಬರುವ ಹಳೆಯ ಸಂಕೇತ. ಪರಿವರ್ತಕಕ್ಕೆ ಹಾಕಿದರೆ ನೂರಕ್ಕೆ ತೊಂಬತ್ತು ಪದ ಸರಿಯಾಗಿ ಬರುತ್ತವೆ, ಉಳಿದ ಹತ್ತರಲ್ಲಿ ಅರ್ಕಾವೊತ್ತು ಎಲ್ಲೋ ಹೋಗಿ ಕುಳಿತಿರುತ್ತದೆ. ಆ ಹತ್ತು ಯಾವುದೆಂದು ಹುಡುಕುವುದಕ್ಕಿಂತ ಹೊಸದಾಗಿ ಕೀಲಿಸುವುದೇ ಸುಲಭ. ಪೇಜ್‌ಮೇಕರ್‌ನ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಸಿಎಸ್6 ತನಕದ ಆವೃತ್ತಿಗಳು ಪೇಜ್‌ಮೇಕರ್ ಕಡತವನ್ನು ತೆರೆಯುತ್ತಿದ್ದವು, ಆಮೇಲಿನವು ತೆರೆಯುವುದಿಲ್ಲ. ಹೀಗೆ ಎಲ್ಲ ದಾರಿಯೂ ಸುತ್ತಿ ವಿಂಡೋಸ್ 7ರ 32 ಬಿಟ್ ಡಿವಿಡಿಯ ಹತ್ತಿರವೇ ಬಂದು ನಿಂತಿತು.

ಮೊದಲು ನಾನೇ ಪ್ರಯತ್ನಿಸಿದೆ. ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ವ್ಯವಸ್ಥೆ) ಹೋಗಿ, ಒಪ್ಪಿಗೆಯಿಲ್ಲದ ವ್ಯವಸ್ಥೆ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಅದು ಆನ್ ಇದ್ದರೆ ವಿಂಡೋಸ್ 7 ಬೂಟ್ ಆಗುವುದಿಲ್ಲ ಎಂದು ಓದಿದ್ದೆ, ಅದು ನಿಜವೂ ಹೌದು. ಪೆನ್‌ಡ್ರೈವ್ ಸಿದ್ಧವಿರಲಿಲ್ಲ. ಸದ್ಯಕ್ಕೆ ವಿಂಡೋಸ್ 11 ತೆರೆಯೋಣ ಎಂದು ಮತ್ತೆ ಶುರು ಮಾಡಿದರೆ ಪರದೆ ನೀಲಿಯಾಗಿ, 48 ಅಂಕಿಗಳ ರಿಕವರಿ ಕೀ ಕೊಡು ಎಂದಿತು. ಆರಾರು ಅಂಕಿಗಳ ಎಂಟು ಗುಂಪು. ಅಂಥದ್ದೊಂದು ಕೀ ಇದೆ ಎಂಬುದೇ ನನಗೆ ಆವರೆಗೆ ಗೊತ್ತಿರಲಿಲ್ಲ.

ಇದನ್ನು ಮಾತ್ರ ಎರಡು ಸಲ ಓದಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಡಿಸ್ಕ್ ಸಾಮಾನ್ಯವಾಗಿ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ; ಕೀ ಆ ಖಾತೆಯಲ್ಲಿ ಉಳಿಯುತ್ತದೆ. ನನ್ನ ಲ್ಯಾಪ್‌ಟಾಪನ್ನು ಮೊದಲ ದಿನ ಸಿದ್ಧಪಡಿಸಿಕೊಟ್ಟದ್ದು ಮಾರಿದ ಅಂಗಡಿಯ ಹುಡುಗ. ‘ಮೇಲ್ ಐಡಿ ಹೇಳಿ’ ಎಂದಾಗ ನನಗೆ ಪಾಸ್‌ವರ್ಡ್ ನೆನಪಾಗದೆ ‘ನೀವೇ ಏನಾದರೂ ಹಾಕಿಕೊಡಿ’ ಎಂದಿದ್ದೆ. ಅವನು ತನ್ನದೇ ಒಂದು ಖಾತೆ ಹಾಕಿಕೊಟ್ಟ. ಈಗ ಅಂಗಡಿಗೆ ಫೋನ್ ಮಾಡಿದರೆ, ‘ಅವನು ಕೆಲಸ ಬಿಟ್ಟು ದುಬೈಗೆ ಹೋದನಲ್ಲ’ ಎಂದರು. ನನ್ನ ಮನೆಯ ಬೀಗದ ಕೈ ಅರಬ್ಬಿ ಸಮುದ್ರದ ಆಚೆ ದಡದಲ್ಲಿತ್ತು.

ಗಾಬರಿಯಲ್ಲಿ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದೆ. ಕೀ ಕೇಳದೆ ತೆರೆದುಕೊಂಡಿತು. ಆಗಲೇ ಸೆಟ್ಟಿಂಗ್ಸ್‌ಗೆ ಹೋಗಿ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಕಡತಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ನಾನು ಮಾಡಿದ್ದು, ‘ಇದು ನಮ್ಮ ಕೈಯಲ್ಲಾಗುವ ಕೆಲಸವಲ್ಲ’ ಎಂದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ ಹತ್ತಿದ್ದು.

ಅಲ್ಲೊಬ್ಬರು ರಿಪೇರಿಯವರು. ಅಂಗಡಿಯ ಹೆಸರು ಬೇಡ, ಒಳ್ಳೆಯ ಮನುಷ್ಯ, ಮೋಸವೇನೂ ಮಾಡಲಿಲ್ಲ.

‘ಎಂತ ತೊಂದರೆಯೂ ಇಲ್ಲ ಮಾರಾಯರೇ, ಸಂಜೆಗೆ ಬನ್ನಿ’ ಎಂದರು.

‘ಡಿ ಡ್ರೈವ್‌ನಲ್ಲಿ ದೇವಸ್ಥಾನದ ಕೆಲಸ ಇದೆ. ಅದನ್ನು ಮುಟ್ಟಬೇಡಿ.’

‘ಸಿ ಮಾತ್ರ ಫಾರ್ಮ್ಯಾಟ್ ಮಾಡುವುದು. ಡಿ ಹಾಗೆಯೇ ಇರುತ್ತದೆ.’

ನಾವೆಲ್ಲ ಇಪ್ಪತ್ತು ವರ್ಷಗಳಿಂದ ನಂಬಿಕೊಂಡು ಬಂದ ಮಾತು ಇದು. ಹಳೆಯ ಯಂತ್ರಗಳಲ್ಲಿ ನಿಜವೂ ಆಗಿತ್ತು. ಹೊಸದರಲ್ಲಿ ಏಕೆ ಅಲ್ಲ ಎಂದರೆ, ವಿಂಡೋಸ್ 7ರ 32 ಬಿಟ್ ಆವೃತ್ತಿಗೆ ಯುಇಎಫ್‌ಐ (ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಮೂಲಕ ಬೂಟ್ ಆಗಲು ಬರುವುದಿಲ್ಲ. ಅದಕ್ಕೆ ಹಳೆಯ ಮಾದರಿಯ ಬಯೋಸ್ ಬೇಕು, ಹಳೆಯ ಬಯೋಸ್‌ಗೆ ವಿಭಾಗಗಳ ಪಟ್ಟಿಯನ್ನು ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿ ಬರೆದಿಟ್ಟ ಡಿಸ್ಕ್ ಬೇಕು. ಹೊಸ ಲ್ಯಾಪ್‌ಟಾಪ್‌ನ ಡಿಸ್ಕ್ ಜಿಪಿಟಿ ಎಂಬ ಹೊಸ ಮಾದರಿಯದು. ವಿಂಡೋಸ್‌ನ ಅನುಸ್ಥಾಪನೆಯ ಪರದೆಯಲ್ಲಿ ಜಿಪಿಟಿಯಿಂದ ಎಂಬಿಆರ್‌ಗೆ ಬದಲಿಸಲು ಎಲ್ಲರೂ ಬಳಸುವ ಆಜ್ಞೆ ‘ಕ್ಲೀನ್’. ಅದಕ್ಕೆ ಸಿ, ಡಿ ಎಂಬ ಭೇದವಿಲ್ಲ. ಇಡೀ ಡಿಸ್ಕ್‌ನ ವಿಭಾಗಗಳನ್ನೆಲ್ಲ ಒಂದೇ ಏಟಿಗೆ ಅಳಿಸುತ್ತದೆ. ಅವರು ಅದನ್ನು ಕೀಲಿಸಿದರು, ಎಂಟರ್ ಒತ್ತಿದರು. ಕಂಪನಿಯವರು ಕೊಟ್ಟ ರಿಕವರಿ ವಿಭಾಗವೂ ಅದರೊಂದಿಗೇ ಹೋಯಿತು. ಆಮೇಲೆ ಬಯೋಸ್‌ಗೆ ಹೋಗಿ ನೋಡಿದರೆ ಹಳೆಯ ಮಾದರಿಯ ಬೂಟ್‌ನ ಆಯ್ಕೆಯೇ ಇಲ್ಲ. ಮೊದಲು ನೋಡಬೇಕಾದದ್ದನ್ನು ಕೊನೆಗೆ ನೋಡಿದ್ದು, ಅಷ್ಟೇ ಅವರ ತಪ್ಪು.

ನಾನು ಸಂಜೆ ಹೋದಾಗ ಅವರು 64 ಬಿಟ್‌ಗೆ ಬಂದಿದ್ದರು. ಮೇಜಿನ ಮೇಲೆ ನಾಲ್ಕು ಪೆನ್‌ಡ್ರೈವ್, ಒಂದು ತಣ್ಣಗಾದ ಚಹಾ. ವಿಂಡೋಸ್ 7 ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಅದರ ಮೂಲ ಡಿವಿಡಿಯಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ, ಹಾಗಾಗಿ ಮೌಸ್ ಓಡುವುದಿಲ್ಲ, ಪೆನ್‌ಡ್ರೈವ್‌ನಿಂದಲೇ ಶುರುವಾದ ಸೆಟಪ್ ಅದೇ ಪೆನ್‌ಡ್ರೈವ್ ಕಾಣುತ್ತಿಲ್ಲ ಎನ್ನುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿರುವ ವೇಗದ ಎನ್‌ವಿಎಂಇ ಡಿಸ್ಕ್‌ನ ಮೊದಲ ಮಾನದಂಡ ಬಂದದ್ದೇ 2011ರಲ್ಲಿ. ಅದರ ಡ್ರೈವರ್ ಆ ಡಿವಿಡಿಯಲ್ಲಿ ಎಲ್ಲಿಂದ ಬರಬೇಕು? ಇದನ್ನೆಲ್ಲ ದಾಟಲು ಅವರು ವಿಂಡೋಸ್ 10ರ ಸೆಟಪ್‌ನೊಳಗೆ ವಿಂಡೋಸ್ 7ರ ಕಡತವನ್ನು ಸೇರಿಸಿದ ಒಂದು ಕಸಿ ಪೆನ್‌ಡ್ರೈವ್ ಬಳಸಿದ್ದರು. ಸೆಟಪ್ ನೂರು ಪ್ರತಿಶತ ತಲುಪಿತು. ‘ನೋಡಿ, ಆಯಿತು’ ಎಂದರು. ಯಂತ್ರ ಮರುಶುರುವಾಯಿತು.

‘ಸ್ಟಾರ್ಟಿಂಗ್ ವಿಂಡೋಸ್’ ಎಂಬ ಬಿಳಿ ಅಕ್ಷರ ಬಂತು. ಅದರ ಮೇಲೆ ನಾಲ್ಕು ಬಣ್ಣದ ಬೆಳಕುಗಳು ತೇಲಿ ಬಂದು ಒಂದಾಗಿ ಬಾವುಟವಾಗಬೇಕು, ನೆನಪಿದೆಯಲ್ಲ? ಬರಲಿಲ್ಲ. ಅಕ್ಷರ ಮಾತ್ರ ನಿಂತಿತ್ತು. ನಾವಿಬ್ಬರೂ ಅದನ್ನೇ ನೋಡುತ್ತಾ ಹತ್ತು ನಿಮಿಷ ಕುಳಿತೆವು. 64 ಬಿಟ್ ವಿಂಡೋಸ್ 7ಕ್ಕೆ ಯುಇಎಫ್‌ಐ ಬರುತ್ತದೆಯಾದರೂ ಆ ಹೊತ್ತಿನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸಲು ಅದು ಹಳೆಯ ಬಯೋಸ್‌ನ ಒಂದು ಸೇವೆಯನ್ನೇ ಕೇಳುತ್ತದೆ. ಆ ಸೇವೆ ಕೊಡುವವರು ಹೊಸ ಯಂತ್ರದಲ್ಲಿ ಯಾರೂ ಇಲ್ಲ. ಇದಕ್ಕೂ ಒಂದು ಉಪಾಯವಿದೆ ಎಂದು ಅವರು ಇನ್ನೊಂದು ಪೆನ್‌ಡ್ರೈವ್ ಚುಚ್ಚಿದರು. ಈ ಬಾರಿ ಅಕ್ಷರವನ್ನು ದಾಟಿ ನೀಲಿ ಪರದೆಗೆ ಬಂದು ನಿಂತಿತು: 0x000000ಎ5. ಈ ಯಂತ್ರದ ಬಯೋಸ್ ಎಸಿಪಿಐ ಎಂಬ ವಿದ್ಯುತ್ ನಿರ್ವಹಣೆಯ ನಿಯಮಕ್ಕೆ ಪೂರ್ತಿ ಹೊಂದುತ್ತಿಲ್ಲ ಎಂದು ಅದರ ಅರ್ಥ. 2009ರ ವ್ಯವಸ್ಥೆ ತನಗಿಂತ ಬಹಳ ಹೊಸದಾದ ಯಂತ್ರವನ್ನು ನೋಡಿ ನೀನೇ ಸರಿಯಿಲ್ಲ ಎನ್ನುತ್ತಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ, ಮುಲ್ಕಿ ದಾಟಿದ ಮೇಲೆ, ಇನ್ನೊಂದು ಹೊಳೆಯಿತು. 64 ಬಿಟ್ ಒಂದು ವೇಳೆ ಕೂತಿದ್ದರೂ ನನ್ನ 32 ಬಿಟ್ ಲಾಕ್ ಅದರಲ್ಲಿ ಓಡುತ್ತಿರಲಿಲ್ಲ. ಯಾವುದಕ್ಕಾಗಿ ಹೊರಟಿದ್ದೆವೋ ಅದನ್ನು ಇಬ್ಬರೂ ಮಧ್ಯಾಹ್ನವೇ ಮರೆತು, ಬರೀ ಗೆಲ್ಲುವುದಕ್ಕಾಗಿ ಹೊಡೆದಾಡುತ್ತಿದ್ದೆವು.

ಕಡತ ಹಿಂಪಡೆಯುವವರೊಬ್ಬರ ಬಳಿ ಡಿಸ್ಕ್ ಕೊಟ್ಟೆ. ಮೊದಲ ಪ್ರಶ್ನೆಯೇ ‘ಕೀ ಇದೆಯೇ?’. ದುಬೈಯ ಹುಡುಗನನ್ನು ಅವನ ಗೆಳೆಯರ ಮೂಲಕ ಹುಡುಕಿದೆ. ಪಾಪ, ರಾತ್ರಿ ಪಾಳಿ ಮುಗಿಸಿ ಬಂದು ಖಾತೆ ತೆರೆದು ಎಂಟು ಗುಂಪಿನ ಅಂಕಿಗಳ ಚಿತ್ರ ಕಳುಹಿಸಿದ. ಕೀ ಬಂತು, ಉಪಯೋಗಕ್ಕೆ ಬರಲಿಲ್ಲ. ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡುವಾಗ ಸೆಟಪ್ ಅದಕ್ಕೆ ಟ್ರಿಮ್ ಎಂಬ ಸೂಚನೆ ಕೊಡುತ್ತದೆ, ಈ ಜಾಗ ಇನ್ನು ಖಾಲಿ ಎಂದು; ಡಿಸ್ಕ್ ಅದನ್ನು ಒಳಗೊಳಗೇ ಗುಡಿಸಿ ಹಾಕುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಅಳಿಸಿದ್ದೂ ಎಷ್ಟೋ ದಿನ ಉಳಿಯುತ್ತಿತ್ತು. ಇದರಲ್ಲಿ ಅವರು ಹುಡುಕಿದ ಕಡೆಯಲ್ಲೆಲ್ಲ ಬರೀ ಸೊನ್ನೆ.

ವಿಂಡೋಸ್ 11 ಮರಳಿ ಹಾಕಿದ್ದು ಸುಲಭದ ಭಾಗ. ಮೈಕ್ರೋಸಾಫ್ಟ್‌ನ ತಾಣದಿಂದಲೇ 8 ಜಿಬಿ ಪೆನ್‌ಡ್ರೈವ್‌ಗೆ ಉಚಿತವಾಗಿ ಇಳಿಸಿಕೊಳ್ಳಬಹುದು. ಪರವಾನಗಿಯ ಕೀ ಲ್ಯಾಪ್‌ಟಾಪ್‌ನ ಫರ್ಮ್‌ವೇರ್‌ನಲ್ಲೇ ಇರುವುದರಿಂದ ಮತ್ತೆ ಹಣ ಕೊಡಬೇಕಾಗಿಲ್ಲ. ಯಾರಾದರೂ ‘ಒರಿಜಿನಲ್ ಹಾಕುತ್ತೇನೆ’ ಎಂದು ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ. ಒಂದು ಕಡೆ ಸಿಕ್ಕಿಹಾಕಿಕೊಂಡೆ: ಸೆಟಪ್‌ಗೆ ಡಿಸ್ಕೇ ಕಾಣಲಿಲ್ಲ. ಡಿಸ್ಕ್ ಸತ್ತೇ ಹೋಯಿತೆಂದು ಕೈಕಾಲು ತಣ್ಣಗಾಯಿತು. ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಡಿಸ್ಕ್ ನಿರ್ವಹಣೆಯ ಸೌಲಭ್ಯ ಆನ್ ಇರುತ್ತದೆ, ಆಗ ಕಂಪನಿಯ ತಾಣದಿಂದ ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಂಡು ‘ಲೋಡ್ ಡ್ರೈವರ್’ನಲ್ಲಿ ತೋರಿಸಬೇಕು. ತೋರಿಸಿದೆ, ಕಂಡಿತು. ಈ ಸಲ ಖಾತೆ ನನ್ನದೇ. ಕೀಯನ್ನು ಕಾಗದಕ್ಕೆ ಇಳಿಸಿ ಮನೆಯ ಪಹಣಿ ಪತ್ರಗಳ ಜೊತೆ ಇಟ್ಟಿದ್ದೇನೆ.

ಈಗ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಅದು ವಿಂಡೋಸ್ 11ರ ಒಳಗೆ ಒಂದು ಕಿಟಕಿಯಲ್ಲಿ ಹಳೆಯ ಕಂಪ್ಯೂಟರ್‌ನ ವೇಷ ಹಾಕುತ್ತದೆ: ಹಳೆಯ ಬಯೋಸ್, ಹಳೆಯ ಡಿಸ್ಕ್, ವಿಂಡೋಸ್ 7ಕ್ಕೆ ಬೇಕಾದದ್ದೆಲ್ಲ. ನನ್ನ ಹಳೆಯ ಡಿವಿಡಿಯಿಂದಲೇ 32 ಬಿಟ್ ವಿಂಡೋಸ್ 7 ಹಾಕಿದೆ, 2 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್ ಕೊಟ್ಟೆ. ನಾಲ್ಕು ಬಣ್ಣದ ಬೆಳಕುಗಳು ತೇಲಿ ಬಂದು ಬಾವುಟವಾದವು. ಯುಎಸ್‌ಬಿ ಪಟ್ಟಿಯಲ್ಲಿ ಲಾಕ್‌ನ ಹೆಸರಿಗೆ ಗುರುತು ಹಾಕಿದರೆ ಅದು ನೇರವಾಗಿ ಒಳಗಿನ ಯಂತ್ರಕ್ಕೆ ಹೋಗುತ್ತದೆ, ಹೊರಗಿನ ವಿಂಡೋಸ್ 11ಕ್ಕೆ ಅದರ ಡ್ರೈವರ್ ಬೇಡವೇ ಬೇಡ. ಕಂಪ್ಯೂಟರ್‌ನ ಹಿಂಬದಿಗೆ ಚುಚ್ಚುವ ಪ್ರಿಂಟರ್ ಪೋರ್ಟ್‌ನ ಹಳೆಯ ಲಾಕ್ ಇರುವವರಿಗೆ ಈ ದಾರಿ ಇಲ್ಲ. ಅವರು ಹಳೆಯ ಮದರ್‌ಬೋರ್ಡ್ ಹುಡುಕುವುದೇ ಮೇಲು.

ಮೊದಲೆರಡು ದಿನ ತುಂಬಾ ನಿಧಾನವಾಗಿತ್ತು. ಕಿಟಕಿಯ ಕೆಳಗೆ ಬಲಮೂಲೆಯಲ್ಲಿ ಒಂದು ಸಣ್ಣ ಹಸಿರು ಆಮೆಯ ಚಿತ್ರ ಕಾಣುತ್ತಿತ್ತು. ಅಲಂಕಾರಕ್ಕಿರಬೇಕು ಎಂದುಕೊಂಡಿದ್ದೆ. ಅಲ್ಲ, ವಿಂಡೋಸ್ 11ರ ಹೈಪರ್-ವಿ (ಮೈಕ್ರೋಸಾಫ್ಟ್‌ನದೇ ವರ್ಚುವಲ್ ಯಂತ್ರದ ವ್ಯವಸ್ಥೆ) ಪದರ ಮಧ್ಯೆ ಕುಳಿತಿದೆ, ಅದಕ್ಕೇ ಹೀಗೆ ತೆವಳುತ್ತಿದ್ದೇನೆ ಎಂದು ಹೇಳುವ ಆಮೆ ಅದು. ಆ ಪದರವನ್ನು ಬಳಸುವ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ಮರುಶುರು ಮಾಡಿದ ಮೇಲೆ ನನ್ನದರಲ್ಲಿ ಆಮೆ ಹೋಯಿತು. ಅದು ರಕ್ಷಣೆಗೆ ಇರುವ ಸೌಲಭ್ಯ, ನಿಧಾನವನ್ನು ಸಹಿಸಬಲ್ಲವರು ಮುಟ್ಟದಿರುವುದೇ ಒಳ್ಳೆಯದು. ಒಳಗಿನ ವಿಂಡೋಸ್ 7ಕ್ಕೆ ಮಾತ್ರ ಇಂಟರ್ನೆಟ್ ಕೊಡಬೇಡಿ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಕ್ರೋಮ್ ಕೂಡ 109ನೇ ಆವೃತ್ತಿಗೇ ಕೈತೊಳೆದುಕೊಂಡಿದೆ. ನನ್ನದರಲ್ಲಿ ನೆಟ್‌ವರ್ಕ್ ಕಾರ್ಡನ್ನೇ ತೆಗೆದಿದ್ದೇನೆ, ಕಡತ ಹೋಗಿ ಬರಲು ಒಂದು ಹಂಚಿಕೆಯ ಫೋಲ್ಡರ್ ಸಾಕು.

ಪಟ್ಟಿಯ ಕಥೆ ಹೀಗಾಯಿತು. ಸಮಿತಿಯ ಕಾರ್ಯದರ್ಶಿಗಳ ಮನೆಯಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿದ ಕರಡಚ್ಚಿನ ಹಾಳೆಗಳು ಉಳಿದಿದ್ದವು. ನಾನೂ ನನ್ನ ಹೆಂಡತಿಯೂ ನಾಲ್ಕು ರಾತ್ರಿ ಕುಳಿತು, ಅವಳು ಓದಿ ನಾನು ಕೀಲಿಸಿ, ಆರುನೂರು ಹೆಸರುಗಳನ್ನು ಮತ್ತೆ ಕಟ್ಟಿದೆವು. ಆಮಂತ್ರಣ ಹೇಳಿದ ದಿನಕ್ಕೆ ಅಚ್ಚಾಯಿತು. ಹದಿನೇಳನೇ ಪುಟದಲ್ಲಿ ಒಂದು ಹೆಸರು ಬಿಟ್ಟುಹೋಯಿತು. ಆ ಹಿರಿಯರು ಈಗಲೂ ಕಲ್ಸಂಕದ ಬಳಿ ಎದುರಾದರೆ ನನ್ನನ್ನು ನೋಡಿಯೂ ನೋಡದವರಂತೆ ಸಿಗ್ನಲ್ ದಾಟುತ್ತಾರೆ.