ಓಟಿ ಗಾಳಿ ಪರೀಕ್ಷೆಗೆ ಬಂದ ಇಬ್ಬರು ಹುಡುಗರು

ಕಂಕನಾಡಿ ಹತ್ತಿರದ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಓಟಿ (ಆಪರೇಷನ್ ಥಿಯೇಟರ್) ಇನ್‌ಚಾರ್ಜ್. ಮಂಗಳೂರಿನ ಜುಲೈ ಅಂದ್ರೆ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಕಾಲ. ಈ ಸಲ ಓಟಿಯೊಳಗಿನ ತೇವಾಂಶ ಶೇ. 70 ದಾಟಿತ್ತು; 60ರ ಒಳಗಿರಬೇಕು. ಎಸಿ ನೋಡಿಕೊಳ್ಳುವ ಹಳೆಯ ಗುತ್ತಿಗೆದಾರರು ಬಾಗಿಲಲ್ಲೇ ನಿಂತು, "ಹೆಪಾ ಫಿಲ್ಟರ್ ಹೋಗಿದೆ ಸಿಸ್ಟರ್, ಹೊಸತು ಹಾಕ್ಬೇಕು" ಅಂದರು. ಹೆಪಾ ತಡೆಯುವುದು ಗಾಳಿಯಲ್ಲಿನ ಸಣ್ಣ ಕಣಗಳನ್ನು, 0.3 ಮೈಕ್ರಾನಿನದ್ದನ್ನೂ ಶೇ. 99.97ರಷ್ಟು. ನೀರಾವಿಗೂ ಅದಕ್ಕೂ ಎಂತ ಸಂಬಂಧ ಮಾರಾಯ್ರೆ?

ಹಾಗಾಗಿ ಓಟಿಯ ಗಾಳಿ, ಫಿಲ್ಟರ್, ಒತ್ತಡ ಎಲ್ಲ ಅಳೆದು ನೋಡುವ ವ್ಯಾಲಿಡೇಶನ್‌ಗೆ ಬೇರೆಯವರನ್ನು ಕರೆಸಿದೆವು. ಕೇಸ್ ಇಲ್ಲದ ಭಾನುವಾರ ಇಬ್ಬರು ಹುಡುಗರು ಬಂದರು. ಮೊದಲು ಗೌನ್ ಕೇಳಿದರು, ಆಮೇಲೆ ಏಣಿ. ಅಲ್ಲಿಗೇ ನನ್ನ ಲೆಕ್ಕದಲ್ಲಿ ಅರ್ಧ ಪಾಸ್.

ಫಿಲ್ಟರಿನ ಮೇಲ್ಭಾಗಕ್ಕೆ ಎಣ್ಣೆಯ ಮಂಜು ಬಿಟ್ಟು, ಕೆಳಗಿಂದ ಸೋರಿಕೆ ಅಳೆಯುವ ಮೀಟರಿನ ಪ್ರೋಬನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ನಿಧಾನಕ್ಕೆ ಎಳೆದರು. ಸೋರಿಕೆ ಶೇ. 0.01 ಮೀರಬಾರದು. ಫಿಲ್ಟರಿನಲ್ಲಿ ಎಲ್ಲೂ ತೂತಿಲ್ಲ. ಕಿಟಕಿ ಕಡೆಯ ಮೂಲೆಗೆ ಬಂದಾಗ ಮೀಟರ್ ಏರಿತು: ಫಿಲ್ಟರಿನ ಅಂಚಿನ ಗ್ಯಾಸ್ಕೆಟ್ (ಸಂದು ಮುಚ್ಚುವ ಪಟ್ಟಿ) ಸರಿಯಾಗಿ ಕೂತಿರಲಿಲ್ಲ. ಬಿಗಿ ಮಾಡಿ ಮತ್ತೊಮ್ಮೆ ಎಳೆದರು, ಸರಿ ಬಂತು. ಹೊಸ ಫಿಲ್ಟರಿನ ಮಾತೇ ಎತ್ತಲಿಲ್ಲ.

ತೇವದ ಮೂಲ ಟೆರೇಸಿನಲ್ಲಿ ಗಾಳಿ ತಂಪು ಮಾಡಿ ಓಟಿಗೆ ಕಳಿಸುವ ಯಂತ್ರವಾದ ಎಎಚ್‌ಯುನಲ್ಲಿತ್ತು. ಡ್ರೇನ್ ಪೈಪಿನಲ್ಲಿ ಪಾಚಿ, ತಂಪು ಮಾಡುವ ಕಾಯಿಲ್ ಅಡಿಯ ಟ್ರೇಯಲ್ಲಿ ನಿಂತ ನೀರು. ಗಂಟೆಗೆ 20 ಸಲ ಗಾಳಿ ಬದಲಾಗಬೇಕು, ಅದರಲ್ಲಿ ಕನಿಷ್ಠ 4 ಸಲದಷ್ಟು ಹೊರಗಿನದು. ನಮ್ಮಲ್ಲಿ ಹೊರಗಿನ ಗಾಳಿ ಒಳಬಿಡುವ ಡ್ಯಾಂಪರ್ ಪೂರ್ತಿ ತೆರೆದಿತ್ತು. ಇಡೀ ಮಳೆಗಾಲವನ್ನೇ ಒಳಗೆ ಕರೆದಿದ್ದೆವು. ಸರಿಮಾಡಿದ ಮೇಲೆ ತೇವಾಂಶ 56ಕ್ಕೆ ಇಳಿಯಿತು.

ಮರ್ಯಾದೆ ಹೋದದ್ದು ಒತ್ತಡ ನೋಡುವಾಗ. ಕಾರಿಡಾರಿಗಿಂತ ಓಟಿಯಲ್ಲಿ ಕಡಿಮೆಯೆಂದರೂ 2.5 ಪಾಸ್ಕಲ್ ಹೆಚ್ಚಿರಬೇಕು, ಹೊರಗಿನ ಗಾಳಿ ಒಳಗೆ ನುಗ್ಗದ ಹಾಗೆ. ಮುಳ್ಳು ಸೊನ್ನೆಯಲ್ಲಿ. ನೋಡಿದರೆ ಟ್ರಾಲಿ ತರಲು ಸುಲಭ ಅಂತ ನಮ್ಮವರೇ ಬಾಗಿಲಿಗೆ ಸ್ಟೂಲ್ ಅಡ್ಡ ಇಟ್ಟಿದ್ದಾರೆ! ಹುಡುಗರು ನಗಲಿಲ್ಲ, ಸ್ಟೂಲ್ ತೆಗೆದು ಬಾಗಿಲು ಹಾಕಿ ಮತ್ತೆ ಅಳೆದರು.

ದೂರು ಒಂದಿದೆ. ರಿಪೋರ್ಟ್ ನಾಲ್ಕು ದಿನದಲ್ಲಿ ಅಂದವರು 11 ದಿನ ಮಾಡಿದರು. ಬಂದದ್ದರಲ್ಲೂ ಓಟಿ 1 ಮತ್ತು 2 ಅದಲುಬದಲು. ಮೀಟರುಗಳು ಸರಿಯಾಗಿ ಅಳೆಯುತ್ತವೆ ಅನ್ನುವ ಕ್ಯಾಲಿಬ್ರೇಶನ್ ಸರ್ಟಿಫಿಕೇಟಿಗೆ ಮೂರು ಸಲ ಫೋನು. ಎನ್‌ಎಬಿಎಚ್ (ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಮಂಡಳಿ) ತಪಾಸಣೆ ಹತ್ತಿರ ಇರುವವರು ಹುಷಾರು. ಆರು ತಿಂಗಳ ನಂತರದ ಪರೀಕ್ಷೆಗೂ ನಾವು ಅವರಿಗೇ ಹೇಳಿದ್ದೇವೆ, ರಿಪೋರ್ಟ್ ಕೊಡುವ ತಾರೀಕನ್ನು ಮಾತ್ರ ಈಗಲೇ ಬರೆಸಿಕೊಂಡು.