ವಾಟ್ಸಾಪ್ ಗ್ರೂಪಾ, ಸೈಟ್ ಪುಸ್ತಕವಾ, ಶನಿವಾರದ ಮಾತುಕತೆಯಾ?

ಮೈಸೂರಿನ ನಮ್ಮ 30×40 ಸೈಟಿನಲ್ಲಿ ಮನೆ ಕಟ್ಟಿಸುವಾಗ ಎಂಜಿನಿಯರ್, ಮೇಸ್ತ್ರಿ, ಕಂಬಿ ಕಟ್ಟುವ ಬಾರ್ ಬೆಂಡರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಮನೆಯವರು, ಇಷ್ಟೂ ಜನಕ್ಕೆ ಒಂದೇ ಮಾತು ಮುಟ್ಟಿಸಲು ಮೂರು ದಾರಿ ಹಿಡಿದು ನೋಡಿದೆ.

ಮೊದಲು ವಾಟ್ಸಾಪ್ ಗ್ರೂಪ್. ಸಿಮೆಂಟ್ ಬಂತಾ, ನಾಳೆ ಎಷ್ಟು ಆಳು, ಕ್ಯೂರಿಂಗ್‌ಗೆ ನೀರು ಹೊಡೆದರಾ, ಇದಕ್ಕೆಲ್ಲ ಇದೇ ಸರಿ. ಆದರೆ ಬದಲಾವಣೆ ತಿಳಿಸಲು ಇದೊಂದನ್ನೇ ನಂಬಬೇಡಿ. ಅಡುಗೆಮನೆ ಕಿಟಕಿಯನ್ನು ಎರಡು ಅಡಿ ಸರಿಸಿದ ಹೊಸ ಡ್ರಾಯಿಂಗನ್ನು ಎಂಜಿನಿಯರ್ ಗ್ರೂಪಿಗೇ ಹಾಕಿದ್ದರು. ಮೇಸ್ತ್ರಿಯ ಫೋನಿನಲ್ಲಿ ಹಳೆಯದೂ ಇತ್ತು, ಹೊಸದೂ ಇತ್ತು. ಎರಡಕ್ಕೂ ಒಂದೇ ಹೆಸರು. ಅವರು ತೆರೆದದ್ದು ಹಳೆಯದನ್ನು. ನಾನು ಸಂಜೆ ಹೋಗುವಷ್ಟರಲ್ಲಿ ಚೌಕಟ್ಟು ನಿಲ್ಲಿಸಿ ಪಕ್ಕದಲ್ಲಿ ಐದು ವರಸೆ ಬ್ಲಾಕ್ ಕಟ್ಟಿದ್ದರು. ಅಷ್ಟನ್ನೂ ಮರುದಿನ ಕೆಡವಿಸಬೇಕಾಯಿತು. ಮೇಸ್ತ್ರಿಗೆ ಆದ ಸಂಕಟ ನೋಡಿ ನನಗೂ ಹೊಟ್ಟೆ ಉರಿಯಿತು.

ಆಮೇಲೆ ಕಾರ್ಬನ್ ಹಾಳೆ ಇಟ್ಟು ಬರೆಯುವ ಉದ್ದ ಪುಸ್ತಕ ತಂದೆ. ತಾರೀಕು, ಏನು ಬದಲಾಯಿತು, ಯಾರು ಹೇಳಿದರು, ಸಹಿ. ಒಂದು ಪ್ರತಿ ಸೈಟಿನಲ್ಲಿ, ಒಂದು ನನ್ನ ಹತ್ತಿರ. "ನಾನು ಹಂಗೆ ಹೇಳೇ ಇಲ್ಲ" ಅನ್ನುವ ಜಗಳ ಅಲ್ಲಿಗೇ ನಿಂತಿತು. ಆದರೆ ಎಂಜಿನಿಯರ್ ವಾರಕ್ಕೆ ಎರಡೇ ಸಲ ಬರುತ್ತಿದ್ದರು, ಬರೆಯುವುದು ತಡವಾಗುತ್ತಿತ್ತು. ಬಾರ್ ಬೆಂಡರ್‌ಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅವರಿಗೆ ಚಿತ್ರ ಬರೆದೇ ತೋರಿಸಬೇಕು.

ನನಗೆ ಜಾಸ್ತಿ ಹಿಡಿಸಿದ್ದು ಶನಿವಾರದ ಮಾತುಕತೆ. ಬಟವಾಡೆಗೆ ಹೇಗೂ ಎಲ್ಲರೂ ಬರುತ್ತಾರೆ ಅಲ್ವಾ? ದುಡ್ಡು ಕೊಡುವ ಮೊದಲು ಇಪ್ಪತ್ತು ನಿಮಿಷ ಎಲ್ಲರೂ ಒಟ್ಟಿಗೆ ಕೆಲಸ ನೋಡುತ್ತಾ ಓಡಾಡುವುದು, ಅಷ್ಟೇ. ಮೋಲ್ಡ್‌ಗೆ (ಚಾವಣಿಗೆ ಕಾಂಕ್ರೀಟ್ ಹಾಕುವುದಕ್ಕೆ) ಮುಂಚಿನ ಶನಿವಾರ ಸೆಂಟ್ರಿಂಗ್ ಮೇಲೆ, ಅಂದರೆ ಕಾಂಕ್ರೀಟ್ ಹೊರಲು ತಾತ್ಕಾಲಿಕವಾಗಿ ಕಟ್ಟಿದ ಅಟ್ಟದ ಮೇಲೆ, ನಿಂತಿದ್ದೆವು. ಪ್ಲಂಬರ್ ಬಗ್ಗಿ ಟೇಪ್ ಹಿಡಿದು, "ಸರ್, ನನ್ನ ನಾಲ್ಕಿಂಚಿನ ಪೈಪು ಸೀದಾ ಈ ಬೀಮಿಗೇ ಬರುತ್ತೆ" ಅಂದರು. ಎಂಜಿನಿಯರ್ ಅಲ್ಲೇ ಇದ್ದರು. ಪೈಪಿನ ಜಾಗವನ್ನು ಬೀಮಿನ ಆಚೆಗೆ ಸರಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಐದು ನಿಮಿಷದ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಗೊತ್ತಾಗಿದ್ದರೆ ಬೀಮನ್ನು ಕೊರೆಯುವ ಮಾತು ಬರುತ್ತಿತ್ತು.

ಒಪ್ಪಿದ್ದನ್ನು ಅಲ್ಲೇ ಪುಸ್ತಕಕ್ಕೆ ಇಳಿಸಿ, ಆ ಹಾಳೆಯ ಫೋಟೋವನ್ನು ಗ್ರೂಪಿಗೆ ಹಾಕುತ್ತಿದ್ದೆವು. ಮೂರರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಶನಿವಾರವನ್ನೇ ಇಟ್ಟುಕೊಳ್ಳುತ್ತೇನೆ. ಮೋಲ್ಡ್‌ಗೆ ಮುಂಚೆಯಂತೂ, ಅರ್ಧ ದಿನದ ಕೂಲಿ ಜಾಸ್ತಿ ಕೊಟ್ಟಾದರೂ ಸರಿ, ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಇಬ್ಬರನ್ನೂ ಸೆಂಟ್ರಿಂಗ್ ಮೇಲೆ ಹತ್ತಿಸಿ.