ಪೊಟ್ಟಣದ ಮೇಲೆ 250 ಕೆಜಿ ಅಂತ ಇತ್ತು

ಬಲಗೈಯಲ್ಲಿ ಇನ್ನೂ ಪೆನ್ನು ಹಿಡಿಯಲು ಆಗುತ್ತಿಲ್ಲ. ಅಂಗೈಗೆ ಅಡ್ಡಲಾಗಿ ಎರಡು ಕೆಂಪು ಪಟ್ಟೆ. ಕಿರುಬೆರಳಿನ ಬುಡದಲ್ಲಿ ಹೊಸ ಚರ್ಮ ಈಗಷ್ಟೇ ಬರುತ್ತಿದೆ. ಇದನ್ನು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಇಷ್ಟೆಲ್ಲ ಮಾಡಿದ್ದು 4 ಮಿಲಿಮೀಟರ್ ದಪ್ಪದ ಒಂದು ಹಗ್ಗ.

ಪ್ಯಾರಾಕಾರ್ಡ್ ಅಂತಾರಲ್ಲ, ಅದೇ. ಪ್ಯಾರಾಶೂಟಿಗೆಂದು ಹುಟ್ಟಿ ಈಗ ಕಂಡಕಂಡವರ ಬ್ಯಾಗಿನಲ್ಲಿ ಸೇರಿಕೊಂಡಿರುವ ನೈಲಾನ್ ಹಗ್ಗ. ನನ್ನ ಬ್ಯಾಗಿನಲ್ಲೂ ಯಾವಾಗಲೂ ಒಂದು ಸುರುಳಿ ಇರುತ್ತಿತ್ತು. ಶೂ ಲೇಸ್ ಹರಿದರೆ ಅದು. ಜಿಪ್ಪಿನ ಹಿಡಿ ಮುರಿದರೆ ಅದರದೇ ಒಂದು ತುಂಡು. ರಟ್ಟಿನ ಪೆಟ್ಟಿಗೆ ಕಟ್ಟಲು, ಸೈಕಲ್ಲಿನ ಹಿಂದೆ ಸಾಮಾನು ಬಿಗಿಯಲು, ಟೇಬಲ್ ಕೆಳಗೆ ಜೋತಾಡುವ ಚಾರ್ಜರ್ ವೈರುಗಳನ್ನು ಒಟ್ಟು ಮಾಡಲು, ಮಳೆ ಬಂದಾಗ ರೂಮಿನೊಳಗೆ ಬಟ್ಟೆ ಹರವಲು. ಒಳಗಿನ ಎಳೆ ಬಿಡಿಸಿ ಗುಂಡಿ ಹೊಲಿದಿದ್ದೂ ಇದೆ. ಇಂಥ ಕೆಲಸಕ್ಕೆ ಅದರಷ್ಟು ಒಳ್ಳೆಯ ಹಗ್ಗ ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ. ಆದರೆ ಸಣ್ಣ ಕೆಲಸದಲ್ಲಿ ಒಮ್ಮೆಯೂ ಕೈಕೊಡದ ವಸ್ತುವಿನ ಮೇಲೆ ಸುಮ್ನೆ ನಂಬಿಕೆ ಬೆಳೆದುಬಿಡುತ್ತದೆ ಅಲ್ವಾ? ನನಗೂ ಹಾಗೇ ಆಯಿತು.

ಮನೆ ಖಾಲಿ ಮಾಡುವ ದಿನ. ಓದುವ ಟೇಬಲ್ ಒಂದು ಉಳಿದಿತ್ತು, ತೂಕ 28 ಕೆಜಿ. ಮೆಟ್ಟಿಲ ತಿರುವಿನಲ್ಲಿ ಎಷ್ಟು ಹೊರಳಿಸಿದರೂ ಅದು ಹೋಗುತ್ತಿಲ್ಲ. ನಾವಿದ್ದದ್ದು ಎರಡನೇ ಮಹಡಿ. ಬಾಲ್ಕನಿಯಿಂದ ಇಳಿಸಿದರೆ ಐದು ನಿಮಿಷದ ಕೆಲಸ ಅಂತ ನನಗೆ ಹೊಳೆಯಿತು. ಹಗ್ಗದ ಪೊಟ್ಟಣದ ಮೇಲೆ 250 ಕೆಜಿ ಅಂತ ಬರೆದಿತ್ತು. 28 ಎಲ್ಲಿ, 250 ಎಲ್ಲಿ!

ಕೆಳಗೆ ನಿಂತಿದ್ದ ಗೆಳೆಯ, "ಲೋ, ಅಷ್ಟು ಸಣ್ಣ ಹಗ್ಗ ಸಾಕೇನೋ?" ಅಂದ. "ಪ್ಯಾರಾಶೂಟ್ ಹಗ್ಗ ಕಣೋ ಇದು" ಅಂದೆ. ಅವನು ಸುಮ್ಮನಾದ.

ಹಗ್ಗದ ಒಂದು ತುದಿ ಟೇಬಲ್ಲಿಗೆ. ಇನ್ನೊಂದು ತುದಿಯನ್ನು ಹೆಚ್ಚಿನ ಭದ್ರತೆಗೆ ಅಂತ ಕಿಟಕಿಯ ಕಂಬಿಗೆ ಕಟ್ಟಿದೆ. ನಡುವಿನ ಭಾಗವನ್ನು ಬಲ ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಹಾಗೇ ಹಿಡಿದರೆ ಜಾರುತ್ತಿತ್ತು, ಅದಕ್ಕೇ ಸುತ್ತಿದ್ದು. ಜಾರುತ್ತದೆ ಅಂತ ಗೊತ್ತಾದಾಗಲೇ ಬಿಟ್ಟುಬಿಡಬೇಕಿತ್ತು. ಇಷ್ಟು ತೆಳ್ಳಗಿನ, ನುಣುಪಾದ ಹಗ್ಗದಲ್ಲಿ ಭಾರ ಇಳಿಸಲು ಮನುಷ್ಯನ ಕೈಗೆ ಹಿಡಿತವೇ ಸಿಗುವುದಿಲ್ಲ. ಭಾರ ಹೊರುವ ಹಗ್ಗಗಳು ದಪ್ಪ ಇರುವುದಕ್ಕೆ ಇದೂ ಒಂದು ಕಾರಣ.

ಟೇಬಲ್ಲನ್ನು ಬಾಲ್ಕನಿ ಗೋಡೆಯ ಮೇಲೆ ಮಲಗಿಸಿ ಮೆಲ್ಲಗೆ ಹೊರಗೆ ತಳ್ಳಿದೆ. ಅರ್ಧ ದಾಟುವವರೆಗೂ ಏನೂ ಇಲ್ಲ. ಆಮೇಲೆ ಅದು ತಾನಾಗಿ ವಾಲಿತು. ಕೈ ಸೀದಾ ಹೋಗಿ ಗೋಡೆಗೆ ಬಡಿಯಿತು. ಹಗ್ಗ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿತು, ಬೆರಳ ತುದಿಗಳು ಬೆಳ್ಳಗಾದದ್ದು ಕಣ್ಣಿಗೆ ಕಂಡಿತು. ಮರುಕ್ಷಣ ಸುತ್ತು ಬಿಚ್ಚಿಕೊಂಡು ಹಗ್ಗ ಅಂಗೈಯೊಳಗೆ ಓಡತೊಡಗಿತು. ಆಗ ನೋವು ಗೊತ್ತಾಗಲಿಲ್ಲ. ಬಿಸಿ ಮಾತ್ರ ಗೊತ್ತಾಯಿತು, ಕಾದ ತಂತಿ ಎಳೆದ ಹಾಗೆ. ಎರಡು ಮೀಟರಿನಷ್ಟು ಓಡಿ, ಕಂಬಿಗೆ ಕಟ್ಟಿದ ಕಡೆ ಬಿಗಿಯಾಯಿತು. ಟಪ್ ಅಂತ ಒಂದು ಸದ್ದು, ಅಷ್ಟೇ. ಗೋಡೆಯ ಅಂಚಿನಲ್ಲಿ ಹಗ್ಗ ಕಡಿದುಹೋಗಿತ್ತು.

ಗೆಳೆಯನಿಗೆ ಆಗತಾನೇ ಫೋನ್ ಬಂದಿತ್ತು. ಮಾತಾಡುತ್ತಾ ನಾಲ್ಕು ಹೆಜ್ಜೆ ಆಚೆ ಹೋಗಿದ್ದ. ಅವನು ನಿಂತಿದ್ದ ಜಾಗದಲ್ಲೇ ಟೇಬಲ್ ಬಿತ್ತು. ಈ ಭಾಗವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ರಾತ್ರಿ ನಿದ್ದೆ ಕೆಡಿಸುತ್ತಿರುವುದು ಕೈಯಲ್ಲ, ಇದು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿದ್ದ ಲೆಕ್ಕ. ಆ 250 ಕೆಜಿ ಅನ್ನುವುದು ಹೊಸ ಹಗ್ಗ, ಗಂಟಿಲ್ಲದೆ, ನೇರವಾಗಿ, ನಿಧಾನಕ್ಕೆ ಎಳೆದಾಗ ಕಿತ್ತುಹೋಗುವ ಭಾರ. ಹೊರಬಹುದಾದ ಭಾರ ಅಂತ ಅದನ್ನು ಓದಿಕೊಂಡದ್ದು ನನ್ನ ತಪ್ಪು. ಗಂಟು ಹಾಕಿದ ತಕ್ಷಣ ಹಗ್ಗದ ಬಲ ಮೂರನೇ ಒಂದು ಭಾಗದಿಂದ ಹಿಡಿದು ಅರ್ಧದವರೆಗೂ ಇಳಿಯಬಹುದು. ಅಂದರೆ 250 ಇದ್ದದ್ದು 125ಕ್ಕೂ ಬರಬಹುದು. ಇನ್ನು ಬೀಳುವ ವಸ್ತುವಿನ ಎಳೆತ ಅದರ ತೂಕದಷ್ಟೇ ಇರುವುದಿಲ್ಲ. ಎರಡು ಮೀಟರ್ ಬಿದ್ದ 28 ಕೆಜಿಯನ್ನು 40 ಸೆಂಟಿಮೀಟರಿನೊಳಗೆ ನಿಲ್ಲಿಸಬೇಕೆಂದರೆ ಸರಾಸರಿ ಲೆಕ್ಕದಲ್ಲೇ ಆರು ಪಟ್ಟು, ಅಂದರೆ 168 ಕೆಜಿ ಭಾರದಷ್ಟು ಬಲ ಬೇಕು. ನನ್ನ ಅಂಗೈ ಸ್ವಲ್ಪ ತಡೆದಿರಬಹುದು, ಬಿಡಿ. ಅದರ ಮೇಲೆ ಸಿಮೆಂಟಿನ ಚೂಪು ಅಂಚು. ಬಿಗಿಯಾಗಿ ಎಳೆದ ನೈಲಾನಿಗೆ ಅದು ಗರಗಸವೇ ಸರಿ.

ಉಳಿದ ತುಂಡನ್ನು ಬಿಚ್ಚಿ ನೋಡಿದೆ. ಅಸಲಿ ಹಗ್ಗದಲ್ಲಿ ಹೊರಗೆ ನೇಯ್ದ ಕವಚ, ಒಳಗೆ 7ರಿಂದ 9 ಎಳೆ ಇರುತ್ತವೆ. ಒಂದೊಂದು ಎಳೆಯೂ ಎರಡೋ ಮೂರೋ ಸಣ್ಣ ನೂಲುಗಳನ್ನು ಹುರಿಮಾಡಿದ್ದು. ನನ್ನದರಲ್ಲಿ ಸಿಕ್ಕಿದ್ದು 5 ಎಳೆ, ಹುರಿಯೇ ಇಲ್ಲ, ಹತ್ತಿಯ ಹಾಗೆ ಬಿಡಿಬಿಡಿ. ಯಾರು ಮಾಡಿದ್ದು, ಎಲ್ಲಿ ಕೊಂಡದ್ದು ಅನ್ನುವುದು ಇಲ್ಲಿ ಬೇಡ. ಇಂಥ ಮಾಲು ಎಲ್ಲ ಕಡೆ ಇದೆ. ತಂದ ದಿನವೇ ತುದಿ ಕತ್ತರಿಸಿ ಒಳಗೆ ನೋಡಿ. ಆದರೆ ಅಸಲಿ ಹಗ್ಗ ಇದ್ದಿದ್ದರೆ ನನ್ನ ಕೈ ಉಳಿಯುತ್ತಿತ್ತು ಅಂತ ಅಂದುಕೊಳ್ಳಬೇಡಿ. ಅದು ಕಿತ್ತುಹೋಗದಿದ್ದರೂ ಅಂಗೈ ಸುಡುತ್ತಿತ್ತು. ಬೆರಳುಗಳೇ ಹೋಗಿದ್ದರೂ ಆಶ್ಚರ್ಯವಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ದಯವಿಟ್ಟು. ಒಂದೇ ಒಂದು ಸುತ್ತು ಕೂಡ ಬೇಡ.

ಅಂದಿನಿಂದ ಮನೆಯಲ್ಲಿ ನಾನು ಕಟ್ಟಿದ್ದನ್ನೆಲ್ಲ ಅನುಮಾನದಿಂದ ನೋಡುತ್ತಿದ್ದೇನೆ. ಕೀ ಗೊಂಚಲಿಗೆ ಪೋಣಿಸಿ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದ ಕುಣಿಕೆ ಮೊದಲು ಹೋಯಿತು. ಲಿಫ್ಟಿನ ಬಾಗಿಲಿಗೋ ಬಸ್ಸಿನ ಬಾಗಿಲಿಗೋ ಅದು ಸಿಕ್ಕಿಕೊಂಡರೆ ಹಗ್ಗ ಹರಿಯುವುದಿಲ್ಲ, ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಕುತ್ತಿಗೆಗೆ ಹಾಕುವುದೇ ಆದರೆ ಎಳೆದ ಕೂಡಲೇ ಬಿಟ್ಟುಕೊಳ್ಳುವ ಪ್ಲಾಸ್ಟಿಕ್ ಕೊಂಡಿ ಇರುವಂಥದ್ದು ಹಾಕಿಕೊಳ್ಳಿ. ಮಕ್ಕಳ ಕೈಗೆ ಸಿಗುವ ಕಡೆ ಜೋತುಬಿಟ್ಟ ಹಗ್ಗ, ಕುಣಿಕೆ ಯಾವುದೂ ಬೇಡ. ಕಿಟಕಿ ಪರದೆಯ ಹಗ್ಗವೂ ಅದರಲ್ಲಿ ಸೇರಿತು.

ಬಾಲ್ಕನಿಯಲ್ಲಿ ಬಟ್ಟೆಗೆ ಕಟ್ಟಿದ್ದು ಒದ್ದೆ ಬಟ್ಟೆ ಬಿದ್ದರೆ ಜೋಲುತ್ತಿತ್ತು. ನೈಲಾನ್ ಹಿಗ್ಗುತ್ತದೆ, ಒದ್ದೆಯಾದರೆ ಬಲವೂ ಸ್ವಲ್ಪ ಕಡಿಮೆಯಾಗುತ್ತದೆ. ಬಿಸಿಲಿಗೆ ಬಣ್ಣ ಮಾಸಿ, ಮುಟ್ಟಿದರೆ ಒರಟಾಗಿತ್ತು. ಬಿಸಿಲು ತಿಂದ ನೈಲಾನಿನ ಲಕ್ಷಣ ಅದು. ಅಲ್ಲಿ ಪಾಲಿಯೆಸ್ಟರ್ ಹಗ್ಗ ಕಟ್ಟಿದ್ದೇನೆ, ಹಿಗ್ಗುವುದು ಕಡಿಮೆ, ಬಿಸಿಲಿಗೂ ಹೆಚ್ಚು ತಡೆಯುತ್ತದೆ. ಕಾರಿನ ಮೇಲೆ ಸಾಮಾನು ಕಟ್ಟಲಂತೂ ಈ ಹಿಗ್ಗುವ ಹಗ್ಗ ಬೇಡವೇ ಬೇಡ. ಅದಕ್ಕೆ ಬಕಲ್ ಇರುವ ಪಟ್ಟಿ ಸಿಗುತ್ತದೆ. ಕೆಟ್ಟು ನಿಂತ ಗಾಡಿ ಎಳೆಯಲೂ ಬೇಡ. ಹಿಗ್ಗಿದ ನೈಲಾನ್ ಕಿತ್ತರೆ ಚಾಟಿಯ ಹಾಗೆ ತಿರುಗಿ ಹೊಡೆಯುತ್ತದೆ. ಸೈಕಲ್ಲಿನ ಹಿಂದೆ ಕಟ್ಟಿದರೆ ಉಳಿದ ಬಾಲವನ್ನು ಕತ್ತರಿಸಿ ಅಥವಾ ಒಳಗೆ ಸಿಕ್ಕಿಸಿ. ಚಕ್ರಕ್ಕೆ ಸುತ್ತಿಕೊಳ್ಳಲು ಅಂಗೈ ಅಗಲದಷ್ಟು ಸಾಕು.

ಹಾಂ, ತುದಿಯನ್ನು ಲೈಟರಿನಲ್ಲಿ ಸುಟ್ಟು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡುವ ಚಟ ಕೆಲವರಿಗಿದೆ. ಕರಗಿದ ನೈಲಾನ್ 200 ಡಿಗ್ರಿಗೂ ಜಾಸ್ತಿ ಬಿಸಿ ಇರುತ್ತದೆ, ಚರ್ಮಕ್ಕೆ ಅಂಟಿದರೆ ಬಿಡಿಸಲು ಬರುವುದಿಲ್ಲ. ಲೈಟರಿನ ಲೋಹದ ಅಂಚಿನಲ್ಲೋ ಚಮಚದ ಹಿಂಬದಿಯಲ್ಲೋ ಒತ್ತಿ.

ಇನ್ನೊಂದು ಮಾತು, ಹೇಳಲು ನಾಚಿಕೆ. ಕೈಗೆ ಬ್ಯಾಂಡೇಜ್ ಹಾಕಿಸಿಕೊಂಡು ಬರುವಷ್ಟರಲ್ಲಿ ಗೆಳೆಯ ಟೇಬಲ್ಲಿನ ಚೂರುಗಳನ್ನು ಗೋಡೆಗೆ ಒರಗಿಸಿಟ್ಟಿದ್ದ. ಮಾತಾಡದೆ ಒಂದು ಕಾಲನ್ನು ಎತ್ತಿ ತೋರಿಸಿದ. ಅದರ ತುದಿಯಲ್ಲಿ ಒಂದು ಬೋಲ್ಟ್. ನಾಲ್ಕು ಕಾಲಿಗೆ ನಾಲ್ಕು ಬೋಲ್ಟ್, ಒಂದು ಸ್ಪ್ಯಾನರಿನಲ್ಲಿ ಬಿಚ್ಚಿ ಮೆಟ್ಟಿಲಿನಲ್ಲೇ ಇಳಿಸಬಹುದಿತ್ತು. ಸ್ಪ್ಯಾನರ್ ನನ್ನ ಬ್ಯಾಗಿನಲ್ಲೇ ಇತ್ತು, ಹಗ್ಗದ ಸುರುಳಿಯ ಕೆಳಗೆ.